ದೊಡ್ಡಮ್ಮನ ಅಟ್ಟದ ಹಾರ್ನೆಟ್

ದೊಡ್ಡಪ್ಪನ ತೋಟದ ಮನೆ ಆಲ್ದೂರಿನ ಹತ್ತಿರ. ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಹೆಂಚು ಬದಲಾಯಿಸಲು ಅಟ್ಟ ಖಾಲಿ ಮಾಡುತ್ತಿದ್ದರು. ನಾನು ಪಂಪ್ ಮೋಟರ್ ನೋಡಲು ಹೋಗಿದ್ದೆ. ಹರಿದ ಗೋಣಿಚೀಲ, ಹಳೆ ಜರಡಿಗಳ ಮಧ್ಯೆ ಒಂದು ರಟ್ಟಿನ ಡಬ್ಬ ಇತ್ತು. ಒಳಗೆ ಕಪ್ಪು ಬಾಡಿಯ ಬಗ್ಗಿ, ಅಂದರೆ ರಿಮೋಟಿನಲ್ಲಿ ಓಡುವ ಆಟದ ಕಾರು. ಧೂಳಿನಲ್ಲಿ ಮುಳುಗಿತ್ತು, ಆದರೂ ನೋಡಿದ ತಕ್ಷಣ ಗುರುತು ಸಿಕ್ಕಿತು.

"ತಗೊಂಡ್ಹೋಗೋ ಮಾರಾಯ, ಇಲ್ದಿದ್ರೆ ಗುಜರಿಯವನಿಗೆ ಕೊಡ್ತೀನಿ" ಅಂದರು ದೊಡ್ಡಮ್ಮ.

ಅದು ಜಪಾನಿನ ಟಮಿಯಾ ಕಂಪನಿಯ ಹಾರ್ನೆಟ್. 1984ರಲ್ಲಿ ಬಂದ ಮಾದರಿ. ನಿಜವಾದ ಕಾರಿನ ಹತ್ತನೇ ಒಂದು ಪಾಲು ಅಳತೆ, ಓಡುವುದು ಹಿಂದಿನ ಎರಡು ಚಕ್ರದ ಬಲದಲ್ಲಿ, ಮೋಟರ್ ಮಾಬುಚಿ ಕಂಪನಿಯ 540. ದೊಡ್ಡಮ್ಮನ ತಮ್ಮ ದುಬೈನಿಂದ 1986ರಲ್ಲಿ ತಂದುಕೊಟ್ಟದ್ದು. ಅಣ್ಣ, ಅಂದರೆ ದೊಡ್ಡಪ್ಪನ ಮಗ, ಅದನ್ನು ಕಾಫಿ ಕಣದಲ್ಲಿ ಓಡಿಸುತ್ತಿದ್ದ. ನಾನು ಕಣದ ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಆಗ ನನಗೆ ಎಂಟು ವರ್ಷ. ರಿಮೋಟ್ ನನ್ನ ಕೈಗೆ ಬಂದದ್ದು ಎರಡೇ ಸಲ.

ಚಿಕ್ಕಮಗಳೂರಿನಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ತೋಟದವರೆಲ್ಲ ಸ್ಪ್ರಿಂಕ್ಲರ್ ಹಾಕುತ್ತಾರೆ, ಆಗ ನಮಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಜೂನ್ ಬಂದರೆ ಕೆಲಸ ಇಳಿಯುತ್ತದೆ. ಹಾಗಾಗಿ ಆ ಮಳೆಗಾಲ ಪೂರ್ತಿ ಸಂಜೆ ಹೊತ್ತು ಬಗ್ಗಿಗೇ ಮೀಸಲಿಟ್ಟೆ.

ಶುರುವಿನಲ್ಲೇ ಒಂದು ನಿರ್ಧಾರ ಮಾಡಿಕೊಂಡೆ. ಶೋಕೇಸಿನಲ್ಲಿ ಇಡಲು ಮಾಡುವ ರಿಪೇರಿ ಬೇರೆ, ಓಡಿಸಲು ಮಾಡುವ ರಿಪೇರಿ ಬೇರೆ. ಶೋಕೇಸಿಗಾದರೆ ಎಲ್ಲವೂ ಹಳೆಯದೇ ಇರಬೇಕು, ಹೊಳೆಯಬೇಕು. ರೇಸಿಗಾದರೆ ಸವೆಯುವುದೆಲ್ಲ ಹೊಸದಾಗಬೇಕು, ಪೆಟ್ಟು ತಿನ್ನುವುದೆಲ್ಲ ಗಟ್ಟಿಯಾಗಬೇಕು. ನನಗೆ ಇದು ಓಡಬೇಕಿತ್ತು. ನಾವು ಏಳು ಜನ ಗೆಳೆಯರು ವರ್ಷಕ್ಕೆ ಮೂರ್ನಾಲ್ಕು ಸಲ ಸೇರುತ್ತೇವೆ. 1990ಕ್ಕಿಂತ ಹಳೆಯ ಮಾದರಿ, ಸಾದಾ 540 ಮೋಟರ್, 7.2 ವೋಲ್ಟ್ ಬ್ಯಾಟರಿ, ಐದು ನಿಮಿಷದ ರೇಸ್. ನಮ್ಮ ನಿಯಮ ಇಷ್ಟೇ.

ಹಾರ್ನೆಟ್ ಆಗಿದ್ದು ನನ್ನ ಅದೃಷ್ಟ. ಟಮಿಯಾ ಇದನ್ನು 2004ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಅದರಿಂದ ಟಯರ್, ಬಾಡಿ, ಗೇರ್ ಎಲ್ಲ ಹೊಸದು ಸಿಗುತ್ತವೆ. ನೀವು ಹಳೆ ಬಗ್ಗಿ ಕೊಳ್ಳುವ ಮುಂಚೆ ಇದೊಂದನ್ನು ವಿಚಾರಿಸಿಕೊಳ್ಳಿ. ಮರುಬಿಡುಗಡೆ ಆಗದ ಮಾದರಿಯಲ್ಲಿ ಒಂದು ಸಣ್ಣ ಗೇರ್ ಮುರಿದರೂ ವರ್ಷಗಟ್ಟಲೆ ಹುಡುಕಬೇಕಾದೀತು.

ಮೊದಲು ಬ್ಯಾಟರಿ. ಹಳೆ ನಿಕಲ್ ಕ್ಯಾಡ್ಮಿಯಂ ಸೆಲ್ ಒಳಗೇ ಬಿಟ್ಟಿದ್ದರು. ಸೋರಿ, ತಂತಿಯ ತುದಿಯಲ್ಲೆಲ್ಲ ಬಿಳಿ ಹಸಿರು ಪುಡಿ ಕಟ್ಟಿತ್ತು. ಅದು ಕ್ಷಾರ, ಸುಮ್ನೆ ನೀರಲ್ಲಿ ತೊಳೆದರೆ ಪೂರ್ತಿ ಹೋಗುವುದಿಲ್ಲ. ನಿಂಬೆರಸ ಹಚ್ಚಿ, ನೊರೆ ನಿಂತ ಮೇಲೆ ಒರೆಸಿ, ಆಮೇಲೆ ನೀರಲ್ಲಿ ತೊಳೆದು ಒಣಗಿಸಿದೆ. ಕೈಗೆ ಗ್ಲೌಸ್ ಇರಲಿ. ಕ್ಯಾಡ್ಮಿಯಂ ವಿಷ, ಆ ಸೆಲ್‌ಗಳನ್ನು ತಿಪ್ಪೆಗೆ ಎಸೆಯಬಾರದು.

ಬಿಚ್ಚುವುದೇ ಒಂದು ವಾರ ಹಿಡಿಯಿತು. ಮಲೆನಾಡಿನ ತೇವ ಗೊತ್ತಲ್ಲ, ಸ್ಕ್ರೂಗಳೆಲ್ಲ ತುಕ್ಕು ಹಿಡಿದು ಕೂತಿದ್ದವು. ಜಪಾನಿನ ಸ್ಕ್ರೂ ತಲೆಯ ಪ್ಲಸ್ ಗುರುತು ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರಿಗೆ ಸರಿಯಾಗಿ ಕೂರುವುದಿಲ್ಲ. ಒತ್ತಿ ತಿರುಗಿಸಿದರೆ ಜಾರಿ ತಲೆ ಸವೆದುಹೋಗುತ್ತದೆ. ಜೆಐಎಸ್, ಅಂದರೆ ಜಪಾನಿನ ಮಾನದಂಡದ ಅಳತೆಯದ್ದು ಒಂದು ತರಿಸಿಕೊಂಡೆ. ಆದರೂ ಅಲುಗದ ಸ್ಕ್ರೂಗಳ ತಲೆಗೆ ಸೋಲ್ಡರಿಂಗ್ ಐರನ್ ಮುಟ್ಟಿಸಿ ಹತ್ತು ಸೆಕೆಂಡ್ ಕಾಯಿಸಿದೆ. ಸುತ್ತಲಿನ ಪ್ಲಾಸ್ಟಿಕ್ ಚೂರು ಮೆತ್ತಗಾಗಿ, ಸ್ಕ್ರೂ ಬೆಣ್ಣೆಯ ಹಾಗೆ ಬಂತು. ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ, ಪ್ಲಾಸ್ಟಿಕ್ಕಿನೊಳಗಿನ ಸ್ಕ್ರೂ ಎಳೆ (ಥ್ರೆಡ್) ಕರಗುತ್ತದೆ.

ಚಾಸಿಯ ತಳ ಬಿಚ್ಚಿದಾಗ ಮೂಲೆಯಲ್ಲಿ ಮಣ್ಣಿನ ಜೊತೆ ಏನೋ ಅಂಟಿಕೊಂಡಿತ್ತು. ಚಿಮಟದಲ್ಲಿ ಎತ್ತಿ ದೀಪದ ಕೆಳಗೆ ಹಿಡಿದೆ. ಒಂದು ಪಾರ್ಚ್‌ಮೆಂಟ್ ಕಾಫಿ ಬೀಜ. ಸಿಪ್ಪೆ ಕಂದಿ, ಅಂಚು ಬಿರಿದಿತ್ತು, ಒಳಗಿನ ಬೀಜ ಕಲ್ಲಿನ ಹಾಗೆ ಗಟ್ಟಿ. ಅಣ್ಣ ಕಣದಲ್ಲಿ ಹರಡಿದ್ದ ಕಾಫಿಯ ಮೇಲೇ ಓಡಿಸಿ ದೊಡ್ಡಪ್ಪನ ಕೈಲಿ ಏಟು ತಿಂದ ದಿನ ನನಗೆ ನೆನಪಿದೆ. ಫೋಟೋ ತೆಗೆದು ಬೆಂಗಳೂರಿಗೆ ಕಳಿಸಿದೆ. ಅಣ್ಣ ತಕ್ಷಣ ಫೋನ್ ಮಾಡಿದ. ಎಷ್ಟೋ ವರ್ಷದ ಮೇಲೆ ಅರ್ಧ ಗಂಟೆ ಮಾತಾಡಿದೆವು. ಆ ಬೀಜ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಇನ್ನು ದೊಡ್ಡ ಕೆಲಸ ಚಾಸಿಯದು. ಮುಂದಿನ ಮೂತಿಯ ಹತ್ತಿರ, ಮುಂದಿನ ಚಕ್ರದ ತೋಳು ಕೂರುವ ಜಾಗದಿಂದ ಎರಡು ಇಂಚು ಉದ್ದದ ಬಿರುಕು. ಗೋಡೆಗೆ ಗುದ್ದಿದ ಗುರುತು. ಮೊದಲು ನಾನು ಸೂಪರ್ ಗ್ಲೂ ಹಾಕಿದೆ, ಅದು ತಪ್ಪಾಯಿತು. ಒಣಗಿದ ಮೇಲೆ ಅದು ಗಾಜಿನ ಹಾಗೆ ಪೆಡಸು, ಬಾಗುವುದೇ ಇಲ್ಲ. ಬೆರಳಲ್ಲಿ ಒತ್ತಿದರೆ ಪಟ್ಟಂತ ಬಿಟ್ಟುಕೊಂಡಿತು. ಆ ಗ್ಲೂ ಕೆರೆದು ತೆಗೆಯುವುದಕ್ಕೇ ಎರಡು ಸಂಜೆ ಹೋಯಿತು.

ಚಾಸಿ ಎಬಿಎಸ್ ಪ್ಲಾಸ್ಟಿಕ್. ಎಬಿಎಸ್ ಅಸಿಟೋನಿನಲ್ಲಿ ಕರಗುತ್ತದೆ, ಹಾಗಾಗಿ ಅದನ್ನು ಅಂಟಿಸುವುದಕ್ಕಿಂತ ಬೆಸೆಯುವುದು ಒಳ್ಳೆಯದು. ಅದೇ ಜಾತಿಯ ಕಪ್ಪು ಎಬಿಎಸ್ ಚೂರುಗಳನ್ನು ಸಣ್ಣಗೆ ಕತ್ತರಿಸಿ, ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ರಾತ್ರಿಯಿಡೀ ನೆನೆಸಿದೆ. ಬೆಳಗ್ಗೆ ದೋಸೆ ಹಿಟ್ಟಿನ ಹದಕ್ಕೆ ಬಂದಿತ್ತು. ಬಿರುಕಿನ ತುದಿಯಲ್ಲಿ 1 ಮಿಲಿಮೀಟರ್ ತೂತು ಕೊರೆದೆ, ಬಿರುಕು ಮುಂದೆ ಹರಿಯದಿರಲಿ ಅಂತ. ಬಿರುಕಿನ ಉದ್ದಕ್ಕೂ ವಿ ಆಕಾರದಲ್ಲಿ ಕೆರೆದು ಈ ಹಿಟ್ಟು ತುಂಬಿದೆ. ಒಳಗಡೆಯಿಂದ ತೆಳು ಎಬಿಎಸ್ ಪಟ್ಟಿಯೊಂದನ್ನು ಅಡ್ಡಕ್ಕೆ ಕೂರಿಸಿದೆ. ಬಿಸಿಲಿದ್ದರೆ ಬೇಗ ಒಣಗುತ್ತಿತ್ತೇನೋ, ಜುಲೈ ಮಳೆಯಲ್ಲಿ ನಾಲ್ಕು ದಿನ ಮುಟ್ಟಲಿಲ್ಲ. ಆಮೇಲೆ ಉಪ್ಪು ಕಾಗದದಲ್ಲಿ ತಿಕ್ಕಿ ನಯ ಮಾಡಿದೆ. ಅಸಿಟೋನ್ ಬೆಂಕಿಗೆ ಥಟ್ಟನೆ ಹೊತ್ತಿಕೊಳ್ಳುತ್ತದೆ. ಕಿಟಕಿ ತೆಗೆದಿರಲಿ, ಪಕ್ಕದಲ್ಲಿ ಒಲೆ, ಸೋಲ್ಡರಿಂಗ್ ಐರನ್ ಯಾವುದೂ ಬೇಡ.

ನೈಲಾನ್ ತುಂಡುಗಳ ಕಥೆ ಬೇರೆ. ನೈಲಾನ್ ಗಟ್ಟಿಯಾಗಿ, ಮುರಿಯದೆ ಇರಬೇಕಾದರೆ ಅದರಲ್ಲಿ ಚೂರು ತೇವ ಇರಬೇಕು. ಒಣಗಿದ ನೈಲಾನ್ ಪೆಟ್ಟಿಗೆ ಸೀಳುತ್ತದೆ. ಅದಕ್ಕೆ ಹಳೆ ತುಂಡುಗಳನ್ನು ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಹಾಕಿ, ಅದೇ ನೀರಿನಲ್ಲಿ ತಣಿಯಲು ಬಿಟ್ಟೆ. ಎಬಿಎಸ್ ತುಂಡನ್ನು ಮಾತ್ರ ಹೀಗೆ ಕುದಿಸಬೇಡಿ, ಮೆತ್ತಗಾಗಿ ಸೊಟ್ಟಗಾಗಬಹುದು. ಯಾವುದು ಯಾವುದು ಅಂತ ಗೊತ್ತಾಗದಿದ್ದರೆ ಕಾಣದ ಜಾಗದಲ್ಲಿ ಒಂದು ಹನಿ ಅಸಿಟೋನ್ ಇಡಿ. ಎಬಿಎಸ್ ಅಂಟಂಟಾಗುತ್ತದೆ, ನೈಲಾನಿಗೆ ಏನೂ ಆಗುವುದಿಲ್ಲ.

ಗೇರ್‌ಬಾಕ್ಸ್ ತೆಗೆದಾಗ ನನಗೆ ನಿಜವಾಗಿ ಸಂತೋಷವಾಯಿತು. ಹಳೆ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿತ್ತು, ಆದರೆ ಅದರೊಳಗೆ ಗೇರ್ ಹಲ್ಲುಗಳು ಚೂಪು ಹೋಗದೆ ಉಳಿದಿದ್ದವು. ಗೇರ್‌ಬಾಕ್ಸ್ ಪೂರ್ತಿ ಮುಚ್ಚಿರುವುದರಿಂದ ಮಣ್ಣು ಒಳಗೆ ಹೋಗಿರಲಿಲ್ಲ. ತೊಳೆದು, ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸ್ ತೆಳುವಾಗಿ ಹಚ್ಚಿದೆ. ತುಂಬ ಮೆತ್ತಿದರೆ ಮೋಟರಿಗೆ ಭಾರ. ಬುಶ್ ಇದ್ದ ಜಾಗಕ್ಕೆ ಬಾಲ್ ಬೇರಿಂಗ್ ಹಾಕಿದೆ. ಮುಂದಿನ ಚಕ್ರಕ್ಕೆ 1150 ಅನ್ನುವ ಅಳತೆ, ಹೊರಗೆ 11, ಒಳಗೆ 5, ದಪ್ಪ 4 ಮಿಲಿಮೀಟರ್. ಹಣ ಖರ್ಚು ಮಾಡುವುದಿದ್ದರೆ ಮೊದಲು ಬೇರಿಂಗಿಗೆ ಮಾಡಿ. ಬೆರಳಲ್ಲಿ ಚಕ್ರ ತಿರುಗಿಸಿದರೇ ವ್ಯತ್ಯಾಸ ಗೊತ್ತಾಗುತ್ತದೆ.

ಮೋಟರ್ ನನ್ನ ಕಸುಬು. ಈ 540ರ ಡಬ್ಬ ಮುಚ್ಚಿದ್ದು, ಬ್ರಷ್ ಬದಲಾಯಿಸಲು ಬರುವುದಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ ಕಮ್ಯುಟೇಟರಿನ ಕಪ್ಪು ತೆಗೆದೆ. ಎರಡೂ ತುದಿಯ ಬುಶ್‌ಗೆ ಒಂದೊಂದು ಹನಿ ಎಣ್ಣೆ ಬಿಟ್ಟೆ. ಮೀಟರ್ ಇಟ್ಟು ನೋಡಿದರೆ ಕರೆಂಟ್ ಎಳೆಯುವುದು ಕಮ್ಮಿಯಾಗಿತ್ತು, ಶಬ್ದವೂ ನಯವಾಗಿತ್ತು. ಹೊಸ ಜೋರಿನ ಮೋಟರ್ ಹಾಕು ಅಂತ ಗೆಳೆಯನೊಬ್ಬ ಹೇಳಿದ. ನಾನು ಒಪ್ಪಲಿಲ್ಲ. ನಮ್ಮ ನಿಯಮದ ಮಾತು ಹಾಗಿರಲಿ, ಈ ಬಗ್ಗಿಯನ್ನು ಈ ಮೋಟರಿಗೆ ಲೆಕ್ಕ ಹಾಕಿ ಮಾಡಿದ್ದು. ಬಲ ಜಾಸ್ತಿಯಾದಷ್ಟೂ ಅದೇ ಹಳೆ ಪ್ಲಾಸ್ಟಿಕ್ಕಿಗೆ ಪೆಟ್ಟು ಜಾಸ್ತಿ.

ವೈರಿಂಗಿನಲ್ಲಿ ಮಾತ್ರ ಹಳೆಯದನ್ನು ಉಳಿಸಿಕೊಳ್ಳಲಿಲ್ಲ. ಆ ಕಾಲದ ಸ್ಪೀಡ್ ಕಂಟ್ರೋಲರಿನಲ್ಲಿ ಸರ್ವೋ ಅನ್ನುವ ಪುಟ್ಟ ಮೋಟರ್ ಒಂದು ಕೈಯನ್ನು ತಾಮ್ರದ ಪಟ್ಟಿಗಳ ಮೇಲೆ ಜಾರಿಸುತ್ತದೆ. ನಿಧಾನ ಬೇಕಾದಾಗ ಕರೆಂಟ್ ರೆಸಿಸ್ಟರ್ ಮೂಲಕ ಹೋಗಿ ಬಿಸಿಯಾಗಿ ಪೋಲಾಗುತ್ತದೆ. ಅದನ್ನು ಜೋಪಾನವಾಗಿ ಡಬ್ಬಕ್ಕೆ ಹಾಕಿಟ್ಟು ಎಲೆಕ್ಟ್ರಾನಿಕ್ ಕಂಟ್ರೋಲರ್ ಕೂರಿಸಿದೆ. 27 ಮೆಗಾಹರ್ಟ್ಸ್ ರಿಮೋಟ್ ಹೋಗಿ 2.4 ಗಿಗಾಹರ್ಟ್ಸ್ ಬಂತು. ಏಳು ಜನ ಒಟ್ಟಿಗೆ ಓಡಿಸಿದರೂ ಒಬ್ಬರ ಸಿಗ್ನಲ್ ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ. ಬ್ಯಾಟರಿ ಆರು ಸೆಲ್‌ನ ನಿಕಲ್ ಮೆಟಲ್ ಹೈಡ್ರೈಡ್. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕುವವರು ವೋಲ್ಟೇಜ್ ಇಳಿದಾಗ ತಾನೇ ನಿಲ್ಲಿಸುವ ಕಂಟ್ರೋಲರ್ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ ಅದರ ಆಯಸ್ಸು ಮುಗಿದ ಹಾಗೆ.

ಟಯರುಗಳ ರಬ್ಬರ್ ಒಣಗಿ ಸೀಳಿತ್ತು, ಹೊಸದು ಹಾಕಿದೆ. ಬಾಡಿಯೂ ಹೊಸದು. ಪಾಲಿಕಾರ್ಬನೇಟ್ ಬಾಡಿಗೆ ಬಣ್ಣ ಒಳಗಡೆಯಿಂದ ಹೊಡೆಯಬೇಕು, ಆಗ ಹೊರಗೆ ಗೀರು ಬಿದ್ದರೂ ಬಣ್ಣ ಹೋಗುವುದಿಲ್ಲ. ಹಳೆ ಬಾಡಿ ಗೋಡೆಯ ಮೇಲಿದೆ. ಬಿಳಿ ರಿಮ್‌ಗಳು ಹಳದಿ ತಿರುಗಿವೆ, ಹಾಗೇ ಬಿಟ್ಟಿದ್ದೇನೆ. ಆ ಬಣ್ಣ ನನಗೆ ಇಷ್ಟ.

ಜೋಡಿಸುವಾಗ ಒಂದು ಮಾತು. ಪ್ಲಾಸ್ಟಿಕ್ಕಿಗೆ ಹಾಕುವ ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ. 'ಟಕ್' ಅಂತ ಹಳೆ ಎಳೆಗೆ ಇಳಿಯುವುದು ಕೈಗೆ ಗೊತ್ತಾಗುತ್ತದೆ. ಆಮೇಲೆ ಮುಂದಕ್ಕೆ ಬಿಗಿ ಮಾಡಿ. ಹೀಗೆ ಮಾಡದಿದ್ದರೆ ಪ್ರತಿ ಸಲ ಹೊಸ ಎಳೆ ಕೊರೆದು ತೂತು ಸಡಿಲವಾಗುತ್ತದೆ.

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದದ್ದು ಮಾರ್ಚ್ ಕೊನೆಗೆ. ದೊಡ್ಡಮ್ಮನ ಅಪ್ಪಣೆ ಪಡೆದು ಅಲ್ಲೇ ಟ್ರ್ಯಾಕ್ ಹಾಕಿದೆವು. ಸ್ವಲ್ಪ ಸಿಮೆಂಟ್ ಕಣ, ಸ್ವಲ್ಪ ಪಕ್ಕದ ಕೆಂಪು ಮಣ್ಣು. ಹಿಂದಿನ ವಾರವಷ್ಟೇ ಹೂಮಳೆ ಬಿದ್ದಿತ್ತು, ಮಣ್ಣು ಹದವಾಗಿತ್ತು.

ಹಾರ್ನೆಟ್ ಓಡುವ ರೀತಿಯೇ ಬೇರೆ. ಹಿಂದೆ ಗೇರ್‌ಬಾಕ್ಸ್, ಮೋಟರ್ ಎಲ್ಲ ಒಂದೇ ಗಂಟು. ಚಕ್ರ ಏಳುಬೀಳುವಾಗ ಅಷ್ಟೂ ಭಾರ ಜೊತೆಗೇ ಏಳುತ್ತದೆ, ಬೀಳುತ್ತದೆ. ಉಬ್ಬುತಗ್ಗಿನಲ್ಲಿ ಹಿಂಭಾಗ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರಿಗೆ ಮೊದಲು ದಪ್ಪ ಸಿಲಿಕೋನ್ ಎಣ್ಣೆ ಹಾಕಿದ್ದೆ. ಸಣ್ಣ ಸಣ್ಣ ಗುಂಡಿಗಳಲ್ಲಿ ಚಕ್ರ ನೆಲವನ್ನೇ ಮುಟ್ಟಲಿಲ್ಲ. ತೆಳು ಎಣ್ಣೆ ಹಾಕಿದರೆ ದೊಡ್ಡ ಉಬ್ಬಿನ ಮೇಲೆ ಎರಡು ಮೂರು ಸಲ ಪುಟಿಯಿತು. ಎರಡನ್ನೂ ಬೆರೆಸಿ, ನಡುವಿನ ಹದಕ್ಕೆ ತಂದು, ಗಾಳಿಗುಳ್ಳೆ ಮೇಲೆ ಬರುವ ತನಕ ಹತ್ತು ನಿಮಿಷ ನಿಲ್ಲಿಸಿ ಮುಚ್ಚಿದೆ. ಇನ್ನೊಂದು ತೊಂದರೆ, ಮೂತಿ ಹಗುರ. ಗ್ಯಾಸ್, ಅಂದರೆ ವೇಗ, ಕೊಟ್ಟರೆ ಮುಂದಿನ ಚಕ್ರ ಎದ್ದು ತಿರುವಿನಲ್ಲಿ ನೇರ ಹೋಗುತ್ತಿತ್ತು. ಟಯರ್ ಅಂಗಡಿಯಿಂದ ವೀಲ್ ಬ್ಯಾಲೆನ್ಸಿಂಗಿನ ತೂಕದ ತುಂಡು ತಂದು 30 ಗ್ರಾಂ ಮೂತಿಯ ಒಳಗೆ ಅಂಟಿಸಿದೆ. ಅಲ್ಲಿಗೆ ತಿರುವು ಸಿಕ್ಕಿತು. ಆದರೂ ಈ ಬಗ್ಗಿಯನ್ನು ತಿರುವಿನ ಮುಂಚೆಯೇ ನಿಧಾನ ಮಾಡಿ, ಅರ್ಧ ತಿರುಗಿದ ಮೇಲೆ ಗ್ಯಾಸ್ ಕೊಡಬೇಕು. ಇದನ್ನು ಕೈ ಕಲಿಯಲು ನನಗೆ ಮೂರು ಬ್ಯಾಟರಿ ಬೇಕಾಯಿತು.

ರೇಸಿಗೆ ಅಣ್ಣನೂ ಬೆಂಗಳೂರಿನಿಂದ ಬಂದಿದ್ದ. ಮೊದಲ ರೇಸ್ ನಾನು ಓಡಿಸಿ ನಾಲ್ಕನೆಯವನಾದೆ. ಎರಡನೆಯದಕ್ಕೆ ರಿಮೋಟ್ ಅವನ ಕೈಗೆ ಕೊಟ್ಟೆ.

"ಬೇಡ ಕಣೋ, ಒಡೆದುಹಾಕ್ತೀನಿ" ಅಂದ.

"ಒಡೆದ್ರೆ ರಿಪೇರಿ ಮಾಡ್ತೀನಿ. ಓಡ್ಸು ಅಣ್ಣ" ಅಂದೆ.

ಎರಡು ಸಲ ಮಗುಚಿತು, ಒಂದು ಸಲ ಕಣದ ಕಟ್ಟೆಗೆ ಗುದ್ದಿತು. ಅಣ್ಣ ಐದು ನಿಮಿಷವೂ ನಗುತ್ತಲೇ ಇದ್ದ. ಕೊನೆಯವನಾದ. ದೊಡ್ಡಮ್ಮ ಜಗಲಿಯಲ್ಲಿ ಕೂತು, ಕಾಫಿ ಲೋಟ ಕೈಯಲ್ಲೇ ಹಿಡಿದು, ಅಷ್ಟೂ ಹೊತ್ತು ನೋಡಿದರು.

ಅಂಗಡಿಗೆ ತಂದು ಬಿಚ್ಚಿ ನೋಡಿದೆ. ಬೆಸೆದ ಜಾಗ ಹಾಗೇ ಇದೆ, ಕೂದಲೆಳೆಯಷ್ಟೂ ಬಿಟ್ಟಿಲ್ಲ. ಅದರಿಂದ ಒಂದು ಇಂಚು ಆಚೆ ಹೊಸದೊಂದು ಸಣ್ಣ ಬಿರುಕು. ಅದರ ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, 1 ಮಿಲಿಮೀಟರ್ ಡ್ರಿಲ್ ಬಿಟ್ ಹುಡುಕಿಕೊಂಡೆ. ಅಸಿಟೋನ್ ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿದೆ.