ಬೆಲ್ಲದ ಪುಡಿಗೆ ಬಾಕ್ಸ್ ಮಾಡಿಸ್ತೀರಾ? ಮೊದಲು ಖಾಲಿ ಡಮ್ಮಿ ಕೇಳಿ

ಮಂಡ್ಯದ ಕಡೆ ಬೆಲ್ಲದ ಪುಡಿಯನ್ನು ತಮ್ಮದೇ ಹೆಸರಲ್ಲಿ ಮಾರಬೇಕು ಅಂತ ಹೊರಟವರು ಮೊದಲು ಹೋಗುವುದು ಡಿಸೈನರ್ ಹತ್ತಿರ. ಚೆಂದದ ಚಿತ್ರ ಬರುತ್ತದೆ, ಪ್ರಿಂಟೂ ಆಗುತ್ತದೆ, ಆಮೇಲೆ ನೋಡಿದರೆ ಅರ್ಧ ಕೆಜಿ ಪುಡಿ ಬಾಕ್ಸಿನಲ್ಲಿ ಹಿಡಿಸುವುದೇ ಇಲ್ಲ. ಲೆಕ್ಕ ಶುರುವಾಗಬೇಕಾದ್ದು ಒಳಗಿನ ಮಾಲಿನಿಂದ.

ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಂತೂ ಕೇಳಲೇಬೇಡಿ. ರಟ್ಟು ಅದನ್ನು ತಡೆಯುವುದಿಲ್ಲ. ಹಾಗಾಗಿ ಒಳಗೆ ಆಹಾರಕ್ಕೆಂದೇ ತಯಾರಾದ ಲ್ಯಾಮಿನೇಟೆಡ್ ಪೌಚ್ (ಫಿಲ್ಮಿನ ಪದರಗಳನ್ನು ಅಂಟಿಸಿ ಮಾಡಿದ ಚೀಲ) ಇರಲಿ, ಸೀಲ್ ಬಿಗಿಯಾಗಿರಲಿ. ಪ್ರಿಂಟಿನ ಇಂಕ್ ಪುಡಿಗೆ ತಾಗಲೇಬಾರದು. ಯಾವ ಫಿಲ್ಮ್ ಅಂತ ಗೊಂದಲವಾದರೆ, ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆಹಾರ ಪ್ಯಾಕೇಜಿಂಗ್‌ಗೇ ಒಂದು ವಿಭಾಗ ಇದೆ, ಅಲ್ಲಿ ವಿಚಾರಿಸಿ.

ಪೌಚ್ ತುಂಬಿಸಿ ಅಳತೆ ತೆಗೆದ ಮೇಲೆ ಪ್ರೆಸ್‌ನವರಿಂದ ಪ್ರಿಂಟ್ ಇಲ್ಲದ ಡಮ್ಮಿ, ಅಂದರೆ ಮಾದರಿ ಬಾಕ್ಸ್ ಮಾಡಿಸಿ. ಅರ್ಧ ಕೆಜಿಗೆ ಸಾಮಾನ್ಯವಾಗಿ 300ರಿಂದ 350 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಬೋರ್ಡ್ ನೋಡುತ್ತಾರೆ. ಪೌಚ್ ಹಾಕಿ, ಮುಚ್ಚಿ, ಒಂದರ ಮೇಲೊಂದು ಪೇರಿಸಿ ಒಂದೆರಡು ದಿನ ಬಿಡಿ. ಪಕ್ಕ ಉಬ್ಬಿತಾ? ಹಾಗಿದ್ದರೆ ಬೋರ್ಡಿನ ನಾರು ಯಾವ ಕಡೆಗಿದೆ ಅಂತ ಕೇಳಿ. ನಿಂತ ಮಡಿಕೆಗಳಿಗೆ ನಾರು ಅಡ್ಡವಾಗಿದ್ದರೆ ಬಾಕ್ಸ್ ಅಷ್ಟು ಸುಲಭವಾಗಿ ಉಬ್ಬುವುದಿಲ್ಲ.

ಡಮ್ಮಿ ಒಪ್ಪಿಗೆಯಾದರೆ ಅದೇ ಅಳತೆಯ ಡೈ ಲೈನ್ ಫೈಲನ್ನು (ಕತ್ತರಿಸುವ, ಮಡಚುವ ಗೆರೆಗಳ ನಕ್ಷೆ) ಡಿಸೈನರ್‌ಗೆ ಕೊಡಿ. ಬಣ್ಣ ಸಿಎಂವೈಕೆ, ಅಂದರೆ ಪ್ರಿಂಟಿನ ನಾಲ್ಕು ಇಂಕುಗಳ ಲೆಕ್ಕದಲ್ಲಿರಲಿ, ಕಟ್ ಆಗುವ ಅಂಚಿನಾಚೆ 3 ಮಿ.ಮೀ. ಜಾಸ್ತಿ ಹರಡಿರಲಿ, ಚಿತ್ರಗಳು 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ. ಸಣ್ಣ ಕನ್ನಡ ಅಕ್ಷರಗಳನ್ನು ಬರೀ ಕಪ್ಪು ಪ್ಲೇಟಿನಲ್ಲೇ (ಪ್ರತಿ ಇಂಕಿಗೂ ಒಂದೊಂದು ಅಚ್ಚಿನ ತಗಡು ಇರುತ್ತದೆ) ಇಡಿಸಿ, ನಾಲ್ಕು ಬಣ್ಣ ಸೇರಿಸಿದರೆ ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಒತ್ತಕ್ಷರ ಮಸುಕಾಗುತ್ತದೆ. ಅಂಟು ಹಚ್ಚುವ ಪಟ್ಟಿಯ ಮೇಲೆ ಇಂಕ್, ವಾರ್ನಿಷ್, ಲ್ಯಾಮಿನೇಷನ್ ಏನೂ ಬೇಡ, ಅಂಟು ಕೂರುವುದಿಲ್ಲ. ಬ್ಯಾಚ್ ನಂಬರ್, ತಾರೀಖಿನ ಸೀಲ್ ಒತ್ತಲೂ ಹಾಗೇ ಒಂದಿಷ್ಟು ಜಾಗ ಬಿಡಿಸಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ನಿವ್ವಳ ತೂಕ, ಎಂಆರ್‌ಪಿ, ಸಸ್ಯಾಹಾರದ ಹಸಿರು ಚುಕ್ಕೆ ಮರೆಯಬೇಡಿ.

ಕೆಲವು ನೂರು ಬಾಕ್ಸ್ ಸಾಕಾದರೆ ಪ್ಲೇಟ್ ಬೇಡದ ಡಿಜಿಟಲ್ ಪ್ರಿಂಟ್, ಸಾವಿರಗಟ್ಟಲೆ ಬೇಕಾದರೆ ಆಫ್‌ಸೆಟ್. ಆಫ್‌ಸೆಟ್ ಪ್ಲೇಟಿನ ಖರ್ಚು ನೂರಕ್ಕೂ ಅಷ್ಟೇ, ಹತ್ತು ಸಾವಿರಕ್ಕೂ ಅಷ್ಟೇ. ಪೌಚಿನ ಮೇಲೇ ಗ್ರೇವರ್ ಪ್ರಿಂಟ್ (ಕೆತ್ತಿದ ಸಿಲಿಂಡರಿನಿಂದ ಒತ್ತುವುದು) ಬೇಕೆಂದರೆ ಬಣ್ಣಕ್ಕೊಂದು ಸಿಲಿಂಡರ್ ಕೆತ್ತಿಸಬೇಕು. ಹೊಸಬರು ಸದ್ಯಕ್ಕೆ ಸಾದಾ ಪೌಚಿಗೆ ಸ್ಟಿಕ್ಕರ್ ಹಾಕಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಪ್ರೂಫನ್ನು (ಪ್ರಿಂಟಿಗೆ ಮುಂಚಿನ ಮಾದರಿ) ಕಾಗದದ ಮೇಲೆ ನೋಡಿಯೇ ಸಹಿ ಹಾಕಿ, ಮೊಬೈಲಿನಲ್ಲಿ ಕಾಣುವ ಬಣ್ಣ ನಂಬಬೇಡಿ. ಪ್ರಿಂಟ್ ಆದ ಮೇಲೆ ಲ್ಯಾಮಿನೇಷನ್, ಆಮೇಲೆ ಡೈ ಪಂಚಿಂಗ್. ಡೈಯಲ್ಲಿ ಚೂಪು ಬ್ಲೇಡ್ ಕತ್ತರಿಸುತ್ತದೆ, ಮೊಂಡು ಬ್ಲೇಡ್ ಮಡಿಕೆಯ ಗೆರೆ ಒತ್ತುತ್ತದೆ. ಈ ಹೊತ್ತಿಗೆ ನೀವೇ ಪ್ರೆಸ್‌ನಲ್ಲಿರುವುದು ಒಳ್ಳೆಯದು. ಪಂಚಾದ ಮೊದಲ ಕೆಲವು ಶೀಟ್ ಮಡಚಿ ನೋಡಿ. ಗೆರೆಯ ಮೇಲೆ ಬಣ್ಣ ಬಿರುಕು ಬಿಟ್ಟರೆ ಅಲ್ಲೇ ನಿಲ್ಲಿಸಿ ಸರಿ ಮಾಡಿಸಿ, ಅಂಟು ಹಾಕುವ ಪೇಸ್ಟಿಂಗ್‌ಗೆ ಆಮೇಲೆ ಕಳಿಸಿ.