ವಿಎಫ್‌ಡಿ ನಿರ್ವಹಣೆ: ಡ್ರೈವ್ ಓಡುತ್ತಿರುವಾಗಲೇ ಅರ್ಧ ಕೆಲಸ

ಎಎಚ್‌ಯು (ಕಟ್ಟಡಕ್ಕೆ ಎಸಿ ಗಾಳಿ ಹರಿಸುವ ಯಂತ್ರ) ಬ್ಲೋವರ್, ಚಿಲ್ಡ್ ವಾಟರ್ ಪಂಪ್, ಕೂಲಿಂಗ್ ಟವರ್ ಫ್ಯಾನ್‌ಗಳ ವಿಎಫ್‌ಡಿ (ಫ್ರೀಕ್ವೆನ್ಸಿ ಬದಲಿಸಿ ಮೋಟಾರಿನ ವೇಗ ಹೊಂದಿಸುವ ಡ್ರೈವ್) ಸರ್ವಿಸ್ ಎಂದರೆ ಪವರ್ ಆಫ್ ಮಾಡಿ ಧೂಳು ಹೊಡೆಯುವುದು ಎಂದುಕೊಂಡವರೇ ಹೆಚ್ಚು. ನಾನು ಮೊದಲು ಆಫ್ ಮಾಡುವುದಿಲ್ಲ. ಸಡಿಲ ಟರ್ಮಿನಲ್ಲಿನ ಬಿಸಿ, ಫೇಸ್‌ಗಳ ನಡುವಿನ ಕರೆಂಟ್ ವ್ಯತ್ಯಾಸ, ಫ್ಯಾನ್ ಬೇರಿಂಗಿನ ಕೊರಗು ಇವೆಲ್ಲ ಲೋಡ್ ಇದ್ದಾಗ ಮಾತ್ರ ಸಿಗುತ್ತವೆ.

ಕೀಪ್ಯಾಡಿನಲ್ಲಿ ಫ್ರೀಕ್ವೆನ್ಸಿ, ಔಟ್‌ಪುಟ್ ಕರೆಂಟ್, ಡಿಸಿ ಬಸ್ (ಡ್ರೈವಿನೊಳಗೆ ಎಸಿಯನ್ನು ಡಿಸಿ ಮಾಡಿ ಕೆಪಾಸಿಟರ್‌ಗಳಲ್ಲಿ ಹಿಡಿದಿಡುವ ಭಾಗ) ವೋಲ್ಟೇಜ್, ಹೀಟ್‌ಸಿಂಕ್ ತಾಪಮಾನ, ಓಡಿದ ಗಂಟೆ, ಫಾಲ್ಟ್ ಲಾಗ್ ಇಷ್ಟನ್ನೂ ಬರೆದುಕೊಳ್ಳುತ್ತೇನೆ. 415 ವೋಲ್ಟ್ ಸಪ್ಲೈ ಇದ್ದರೆ ಲೋಡಿನಲ್ಲಿ ಡಿಸಿ ಬಸ್ 560ರ ಆಸುಪಾಸು ಇರಬೇಕು. ಅದಕ್ಕಿಂತ ತೀರಾ ಕೆಳಗಿದ್ದರೆ ಒಳಬರುವ ಮೂರು ಫೇಸ್‌ಗಳನ್ನೂ ಅಳೆಯಬೇಕು. ಒಂದು ಫ್ಯೂಸ್ ಹೋಗಿದ್ದರೂ ಕಡಿಮೆ ಲೋಡಿನಲ್ಲಿ ಡ್ರೈವ್ ಓಡುತ್ತಲೇ ಇರಬಹುದು, ಕೆಪಾಸಿಟರ್‌ಗಳು ಸುಮ್ಮನೆ ಬೇಯುತ್ತಿರುತ್ತವೆ. ಔಟ್‌ಪುಟ್ ಕರೆಂಟಿಗೆ ಟ್ರೂ ಆರ್‌ಎಂಎಸ್ (ಅಲೆಯ ಆಕಾರ ಕೆಟ್ಟಿದ್ದರೂ ಸರಿಯಾಗಿ ಅಳೆಯುವ) ಕ್ಲ್ಯಾಂಪ್ ಮೀಟರ್ ಬೇಕು. ಔಟ್‌ಪುಟ್ ವೋಲ್ಟೇಜನ್ನು ಸಾದಾ ಮೀಟರಿನಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ: ಅಲ್ಲಿರುವುದು ಪಿಡಬ್ಲ್ಯೂಎಂ ಪಲ್ಸ್, ಅಂದರೆ ಅತಿ ವೇಗವಾಗಿ ಆನ್ ಆಫ್ ಆಗುವ ವೋಲ್ಟೇಜ್ ತುಣುಕುಗಳು. ಲೋ ಪಾಸ್ ಫಿಲ್ಟರ್ ಇರುವ ಮೀಟರ್ ಮಾತ್ರ ನಂಬಿಕೆಗೆ ಅರ್ಹ.

ಈ ಅಂಕಿಗಳನ್ನು ಕಳೆದ ಸಲದ್ದರ ಜತೆ ಅದೇ ಹರ್ಟ್ಸ್‌ನಲ್ಲಿ ಹೋಲಿಸಿ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದರೆ ಬ್ಲೋವರ್ ಕರೆಂಟ್ ಏರುತ್ತದೆ ಎಂಬ ನಂಬಿಕೆ ತುಂಬಾ ಕಡೆ ಇದೆ. ಸೆಂಟ್ರಿಫ್ಯೂಗಲ್ ಬ್ಲೋವರ್‌ನಲ್ಲಿ ಆಗುವುದು ತಿರುಗುಮುರುಗು: ಗಾಳಿ ಕಡಿಮೆಯಾದರೆ ಕರೆಂಟೂ ಇಳಿಯುತ್ತದೆ. ಹಾಗಾಗಿ ಅದೇ ವೇಗದಲ್ಲಿ ಆಂಪಿಯರ್ ಇಳಿದಿದ್ದರೆ ಫಿಲ್ಟರ್, ಡ್ಯಾಂಪರ್, ಬೆಲ್ಟ್ ನೋಡಬೇಕು. ಏರಿದ್ದರೆ ಫಿಲ್ಟರ್ ಫ್ರೇಮ್ ತೆರೆದಿರಬಹುದು ಅಥವಾ ಬೇರಿಂಗ್ ಹಿಡಿಯುತ್ತಿರಬಹುದು. ಡ್ರೈವ್ ಸದಾ 50 ಹರ್ಟ್ಸ್‌ನಲ್ಲೇ ನಿಂತಿದ್ದರೆ ಡಕ್ಟ್ ಪ್ರೆಶರ್ ಸೆನ್ಸರಿನ ಟ್ಯೂಬ್ ಕಳಚಿದೆಯೇ, ಕಟ್ಟಿದೆಯೇ ನೋಡಿ. ಬ್ಲೋವರನ್ನು 40 ಹರ್ಟ್ಸ್‌ಗೆ ಇಳಿಸಿದರೆ ಪವರ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಡ್ರೈವ್ ಹಾಕಿರುವುದೇ ಅದಕ್ಕಾಗಿ.

ಕೊನೆಗೆ ಥರ್ಮಲ್ ಕ್ಯಾಮೆರಾ. ಮೂರು ಟರ್ಮಿನಲ್‌ಗಳಲ್ಲಿ ಒಂದೇ ಹತ್ತಾರು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಅದನ್ನು ಗುರುತು ಹಾಕಿಟ್ಟು, ಆಮೇಲೆ ಆಫ್.

ಡ್ರೈವನ್ನು ಸ್ಟಾಪ್ ಕಮಾಂಡಿನಿಂದಲೇ ನಿಲ್ಲಿಸಬೇಕು. ಓಡುತ್ತಿರುವಾಗ ಮೋಟಾರ್ ಪಕ್ಕದ ಐಸೊಲೇಟರ್ ಎಳೆಯುವ ಅಭ್ಯಾಸ ಐಜಿಬಿಟಿಗೆ (ಡ್ರೈವಿನ ಔಟ್‌ಪುಟ್ ಸ್ವಿಚ್ ಮಾಡುವ ಸೆಮಿಕಂಡಕ್ಟರ್) ಅಪಾಯ. ನಂತರ ಸಪ್ಲೈ ಐಸೊಲೇಟರ್ ಆಫ್, ಲಾಕ್, ಟ್ಯಾಗ್. ಡ್ರೈವಿನ ಲೇಬಲ್ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 5ರಿಂದ 15 ನಿಮಿಷ, ಕಾಯಲೇಬೇಕು. ಚಾರ್ಜ್ ಎಲ್‌ಇಡಿ ಆರಿತು ಎಂದು ಕೈ ಹಾಕಬೇಡಿ; ಎಲ್‌ಇಡಿಯೇ ಕೆಟ್ಟಿರಬಹುದು. ಮೀಟರನ್ನು ಮೊದಲು ಲೈವ್ ಕಡೆ ಪರೀಕ್ಷಿಸಿ, ಡಿಸಿ ಪ್ಲಸ್ ಮೈನಸ್ ನಡುವೆ ಅಳೆದು, ಮತ್ತೆ ಲೈವ್ ಕಡೆ ಪರೀಕ್ಷಿಸಿ. ಬೈಪಾಸ್ (ಡ್ರೈವ್ ಬಿಟ್ಟು ಮೋಟಾರಿಗೆ ನೇರ ಸಪ್ಲೈ ಕೊಡುವ ದಾರಿ) ಇರುವ ಪ್ಯಾನೆಲ್‌ನಲ್ಲಿ ಮೋಟಾರ್ ಟರ್ಮಿನಲ್ಲಿಗೆ ಬೇರೆ ದಾರಿಯಿಂದ ವೋಲ್ಟೇಜ್ ಬರಬಹುದು, ರಿಲೇ ಟರ್ಮಿನಲ್‌ಗಳಲ್ಲಿ ಹೊರಗಿನ ಕಂಟ್ರೋಲ್ ಸಪ್ಲೈ ಉಳಿದಿರಬಹುದು. ಅವನ್ನೂ ಅಳೆಯಿರಿ. ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರ್ ಆಗಿದ್ದರೆ ಗಾಳಿಗೆ ಫ್ಯಾನ್ ತಿರುಗಿದರೂ ಸಾಕು, ವೋಲ್ಟೇಜ್ ಹುಟ್ಟುತ್ತದೆ.

ಧೂಳು ತೆಗೆಯಲು ಆಂಟಿಸ್ಟ್ಯಾಟಿಕ್ ನಾಜಲ್ ಇರುವ ವ್ಯಾಕ್ಯೂಮ್ ಉತ್ತಮ. ಏರ್ ಹೊಡೆಯಲೇಬೇಕಾದರೆ ಒಣಗಿದ, ಎಣ್ಣೆಯಿಲ್ಲದ, ಕಡಿಮೆ ಒತ್ತಡದ ಗಾಳಿ ಇರಲಿ, ಡ್ರೈವಿನ ಕೂಲಿಂಗ್ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮುಂದಿನಿಂದ ಕಾಣುವ ಧೂಳು ಲೆಕ್ಕಕ್ಕಿಲ್ಲ. ಕೂಲಿಂಗ್ ಫ್ಯಾನ್ ಕಳಚಿ ಹೀಟ್‌ಸಿಂಕ್ ರೆಕ್ಕೆಗಳ ಸಂದಿಗೆ ಟಾರ್ಚ್ ಹಾಕಿ ನೋಡಿ, ಕಂಬಳಿಯಂತೆ ಕಟ್ಟಿಕೊಂಡಿರುವುದು ಅಲ್ಲಿ. ಫ್ಯಾನನ್ನು ಬೆರಳಲ್ಲಿ ತಿರುಗಿಸಿದಾಗ ಕರಕರ ಎಂದರೆ ಬದಲಿಸಿಬಿಡಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧವಾಗುತ್ತದೆ; ಒಂದು ಚಿಕ್ಕ ಫ್ಯಾನ್ ಉಳಿಸಲು ಹೋಗಿ ಡ್ರೈವನ್ನೇ ಕಳೆದುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ. ಕೆಪಾಸಿಟರ್ ತಲೆ ಉಬ್ಬಿದೆಯೇ, ಸೋರಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ. ಸ್ಟೋರಿನಲ್ಲಿ ವರ್ಷಕ್ಕಿಂತ ಹೆಚ್ಚು ಕೂತ ಸ್ಪೇರ್ ಡ್ರೈವಿಗೆ ನೇರ ಪೂರ್ಣ ವೋಲ್ಟೇಜ್ ಕೊಡುವ ಮೊದಲು ಕೆಪಾಸಿಟರ್ ರಿಫಾರ್ಮಿಂಗ್ (ವೋಲ್ಟೇಜನ್ನು ನಿಧಾನವಾಗಿ ಏರಿಸಿ ಕೆಪಾಸಿಟರನ್ನು ಸಜ್ಜುಗೊಳಿಸುವುದು) ಬೇಕೇ ಎಂದು ಮ್ಯಾನ್ಯುಯಲ್ ನೋಡಿ.

ಟರ್ಮಿನಲ್‌ಗಳನ್ನು ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ ಟಾರ್ಕ್ ಸ್ಕ್ರೂಡ್ರೈವರ್‌ನಿಂದಲೇ ಬಿಗಿ ಮಾಡಿ. ಪ್ರತಿ ಸಲ ಇನ್ನೊಂದು ಸುತ್ತು ಎಂದು ಒತ್ತಿದರೆ ತಂತಿಯ ಎಳೆಗಳು ತುಂಡಾಗುತ್ತವೆ.

ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ವಿಷಯದಲ್ಲಿ ರಾಜಿ ಬೇಡ. ಡ್ರೈವಿನ ಔಟ್‌ಪುಟ್ ಟರ್ಮಿನಲ್‌ಗಳಾದ ಯು, ವಿ, ಡಬ್ಲ್ಯೂನಿಂದ ಕೇಬಲ್ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಮಾತ್ರ ಮೋಟಾರಿಗೆ 500 ವೋಲ್ಟ್ ಹಾಕಿ. ಡ್ರೈವಿಗೆ ತಾಗಿದರೆ ಸೆಮಿಕಂಡಕ್ಟರ್ ಉಳಿಯುವ ಖಾತ್ರಿಯಿಲ್ಲ. ಒಂದೇ ರೀಡಿಂಗಿಗಿಂತ ಸಲದಿಂದ ಸಲಕ್ಕೆ ಇಳಿಯುತ್ತಿರುವುದೇ ಎಚ್ಚರಿಕೆ. ಮೋಟಾರ್ ಬೇರಿಂಗ್ ಪದೇಪದೇ ಹೋಗುತ್ತಿದ್ದು, ಬಿಚ್ಚಿದಾಗ ಒಳ ರೇಸಿನಲ್ಲಿ ಸಮಾನ ಅಂತರದ ಗೀರುಗಳಿದ್ದರೆ ಅದು ಗ್ರೀಸ್ ತಪ್ಪಲ್ಲ, ಶಾಫ್ಟ್ ಮೂಲಕ ಹರಿದ ಕರೆಂಟ್. ಶೀಲ್ಡ್ ಕೇಬಲಿನ ಎರಡೂ ತುದಿಯ ಅರ್ಥಿಂಗ್ ಸರಿಪಡಿಸಿ, ಶಾಫ್ಟ್ ಗ್ರೌಂಡಿಂಗ್ ರಿಂಗ್ ಹಾಕಬೇಕು.

ಫಾಲ್ಟ್ ಲಾಗಿನಲ್ಲಿ ನಿಲ್ಲುವಾಗ ಓವರ್‌ವೋಲ್ಟೇಜ್ ಇದ್ದರೆ ಡಿಸಿಲರೇಶನ್ ಸಮಯ ಹೆಚ್ಚಿಸಿ. ಭಾರದ ಬ್ಲೋವರ್ ವೀಲ್ ನಿಧಾನವಾಗುವಾಗ ಶಕ್ತಿಯನ್ನು ಡಿಸಿ ಬಸ್‌ಗೆ ಹಿಂತಿರುಗಿಸುತ್ತದೆ. ಶುರುವಾಗುವಾಗಲೇ ಟ್ರಿಪ್ ಆದರೆ ಫ್ಯಾನ್ ಹಿಮ್ಮುಖ ಗಾಳಿಗೆ ಉಲ್ಟಾ ತಿರುಗುತ್ತಿದೆಯೇ ನೋಡಿ: ಫ್ಲೈಯಿಂಗ್ ಸ್ಟಾರ್ಟ್ (ಆಗಲೇ ತಿರುಗುತ್ತಿರುವ ಮೋಟಾರನ್ನು ಹಿಡಿದು ಓಡಿಸುವ ಸೌಲಭ್ಯ) ಆನ್ ಮಾಡಿ, ಬ್ಯಾಕ್‌ಡ್ರಾಫ್ಟ್ ಡ್ಯಾಂಪರ್ ಸರಿಮಾಡಿ.

ಮತ್ತೆ ಚಾಲೂ ಮಾಡುವಾಗ ಪ್ಯಾರಾಮೀಟರ್‌ಗಳನ್ನು ಕೀಪ್ಯಾಡಿಗೆ ಬ್ಯಾಕಪ್ ತೆಗೆದುಕೊಂಡು, ಲೋಕಲ್ ಮೋಡ್‌ನಲ್ಲಿ ಕಡಿಮೆ ವೇಗದಲ್ಲಿ ಓಡಿಸುತ್ತೇನೆ. ಕೇಬಲ್ ಬಿಚ್ಚಿದ್ದರೆ ತಿರುಗುವ ದಿಕ್ಕು ನೋಡಲೇಬೇಕು, ಅದೂ ಡ್ರೈವ್ ಮತ್ತು ಬೈಪಾಸ್ ಎರಡರಲ್ಲೂ. ಒಳಬರುವ ಫೇಸ್ ಅದಲುಬದಲಾದರೂ ಡ್ರೈವಿನ ಔಟ್‌ಪುಟ್ ದಿಕ್ಕು ಬದಲಾಗುವುದಿಲ್ಲ, ಬೈಪಾಸ್‌ನಲ್ಲಿ ಬದಲಾಗುತ್ತದೆ. ಬೈಪಾಸ್ ದಿಕ್ಕು ತಪ್ಪಿದ್ದರೆ ಒಳಬರುವ ಕಡೆ ಎರಡು ಫೇಸ್ ಬದಲಿಸಿ; ಮೋಟಾರ್ ಕಡೆ ಬದಲಿಸಿದರೆ ಡ್ರೈವಿನಲ್ಲಿ ಉಲ್ಟಾ ಆಗುತ್ತದೆ.