ಅಮೆರಿಕದ ಸಣ್ಣ ಊರಿನಲ್ಲಿ ಸರಕಾರಿ ಶಾಲೆ ಹುಡುಕುವ ಶಿರಸಿ, ಕಾರವಾರದವರಿಗೆ

ಶಿರಸಿಯಲ್ಲಿ ಮನೆ ಎಲ್ಲೇ ಇರಲಿ, ಮಗುವನ್ನು ಬೇಕಾದ ಶಾಲೆಗೆ ಸೇರಿಸಿ ಬಸ್ಸು ಹತ್ತಿಸಬಹುದು. ಅಮೆರಿಕದಲ್ಲಿ ಸಾಮಾನ್ಯವಾಗಿ ಮನೆಯ ವಿಳಾಸವೇ ಶಾಲೆಯನ್ನು ತೀರ್ಮಾನಿಸುತ್ತದೆ. ರಸ್ತೆಯ ಈಚೆಯ ಮನೆಗೆ ಒಂದು ಶಾಲೆ, ಆಚೆಯ ಮನೆಗೆ ಇನ್ನೊಂದು ಎಂಬುದೂ ಉಂಟು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಸ್ಕೂಲ್ ಡಿಸ್ಟ್ರಿಕ್ಟ್ ಕಚೇರಿಗೆ ಫೋನು ಮಾಡಿ, ಮನೆ ನಂಬರು ಸಮೇತ ವಿಳಾಸ ಹೇಳಿ ಕೇಳಿ.

ಈ ಡಿಸ್ಟ್ರಿಕ್ಟ್ ನಮ್ಮ ಕಾರವಾರ, ಶಿರಸಿ ಶೈಕ್ಷಣಿಕ ಜಿಲ್ಲೆಗಳ ಹಾಗಲ್ಲ. ಹೆಚ್ಚಿನ ಕಡೆ ಊರವರೇ ಮತ ಹಾಕಿ ಆರಿಸಿದ ಮಂಡಳಿ ಅದನ್ನು ನಡೆಸುತ್ತದೆ. ಹಣದ ದೊಡ್ಡ ಪಾಲು ಅಲ್ಲಿನ ಆಸ್ತಿ ತೆರಿಗೆಯದು. ಹಾಗಾಗಿಯೇ ಅಕ್ಕಪಕ್ಕದ ಎರಡು ಊರುಗಳ ಶಾಲೆಗಳಲ್ಲಿ ಅಷ್ಟು ವ್ಯತ್ಯಾಸ.

ಮನೆ ಹುಡುಕುವ ಜಾಲತಾಣಗಳಲ್ಲಿ ಶಾಲೆಗೆ 10ಕ್ಕೆ ಇಷ್ಟೆಂದು ಅಂಕ ಕೊಟ್ಟಿರುತ್ತಾರೆ. ಅದೊಂದನ್ನೇ ನೆಚ್ಚಬೇಡಿ. ಪರೀಕ್ಷೆಯ ಅಂಕ ಬಹುಮಟ್ಟಿಗೆ ಮನೆಯವರ ಆದಾಯವನ್ನೇ ಹಿಂಬಾಲಿಸುತ್ತದೆ. 2015ರ ಕಾನೂನಿನಂತೆ ಪ್ರತಿ ರಾಜ್ಯವೂ ಶಾಲಾವಾರು ರಿಪೋರ್ಟ್ ಕಾರ್ಡ್ ಪ್ರಕಟಿಸಲೇಬೇಕು. ಅದರಲ್ಲಿ 'ಗ್ರೋತ್' ಎಂಬ ಅಂಕಣವಿದ್ದರೆ ಮೊದಲು ಅದನ್ನು ನೋಡಿ. ಮಗು ಕಳೆದ ವರ್ಷಕ್ಕಿಂತ ಎಷ್ಟು ಮುಂದೆ ಬಂತು ಎಂಬುದು ಅಲ್ಲಿ ಸಿಗುತ್ತದೆ. ಸಣ್ಣ ಊರಿನಲ್ಲಿ ಇನ್ನೊಂದು ತೊಡಕು: ತರಗತಿಯಲ್ಲಿ 20 ಮಕ್ಕಳಿದ್ದರೆ ಒಬ್ಬನ ಫಲಿತಾಂಶಕ್ಕೇ ಶೇ. 5 ಏರುಪೇರು. ಮೂರು ವರ್ಷದ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿ. ಹೈಸ್ಕೂಲಾದರೆ ಎಪಿ ಕೋರ್ಸುಗಳು, ಅಂದರೆ ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಪಾಠಗಳು, ಎಷ್ಟಿವೆ ಎಂದು ಕೇಳಿ.

ಸೇರಿಸುವಾಗ ಹೆಚ್ಚು ಜನ ಎಡವುವುದು ಲಸಿಕೆಯಲ್ಲಿ. ನಮ್ಮ ಸರಕಾರಿ ತಾಯಿ ಕಾರ್ಡಿನಲ್ಲಿರುವ ಎಂಆರ್ ದಡಾರ, ರುಬೆಲ್ಲಾಗಳಿಗೆ ಮಾತ್ರ, ಮಂಗನಬಾವು ಅದರಲ್ಲಿಲ್ಲ. ಅಮೆರಿಕದಲ್ಲಿ ಕೇಳುವುದು ಮಂಗನಬಾವೂ ಸೇರಿದ ಎಂಎಂಆರ್ ಎರಡು ಡೋಸು, ಅದೂ ಮೊದಲ ಹುಟ್ಟುಹಬ್ಬದ ನಂತರ ಕೊಟ್ಟದ್ದು. ಒಂಬತ್ತನೇ ತಿಂಗಳ ಡೋಸು ಲೆಕ್ಕಕ್ಕಿಲ್ಲ. ಚಿಕನ್‌ಪಾಕ್ಸ್ ಲಸಿಕೆಯೂ ನಮ್ಮ ಸರಕಾರಿ ಪಟ್ಟಿಯಲ್ಲಿಲ್ಲ, ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಕಡ್ಡಾಯ. ಎಂಎಂಆರ್‌ನ ಎರಡು ಡೋಸುಗಳ ನಡುವೆ ಕನಿಷ್ಠ 28 ದಿನ ಬೇಕು. ಆದ್ದರಿಂದ ಹೊರಡುವ ಕೆಲವು ತಿಂಗಳ ಮುಂಚೆಯೇ ಊರಿನ ಮಕ್ಕಳ ಡಾಕ್ಟರರ ಹತ್ತಿರ ಹಾಕಿಸಿ, ದಿನಾಂಕ ಸಹಿತ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ.

ಜನನ ಪ್ರಮಾಣಪತ್ರ, ಟಿಸಿ, ಅಂಕಪಟ್ಟಿ, ಬಾಡಿಗೆ ಕರಾರು, ಒಂದು ಕರೆಂಟ್ ಬಿಲ್ಲು ಕೈಯಲ್ಲಿರಲಿ. ಟಿಸಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಇದ್ದರೆ ಪಾಸ್‌ಪೋರ್ಟಿನಂತೆಯೇ ನೋಂದಾಯಿಸಿ. ಮನೆಭಾಷೆಯ ಫಾರ್ಮಿನಲ್ಲಿ ಕನ್ನಡ ಅಥವಾ ಕೊಂಕಣಿ ಎಂದು ಬರೆಯಲು ಅಂಜಬೇಡಿ. ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ಅಗತ್ಯವಿದ್ದರೆ ಉಚಿತವಾಗಿ ಕಲಿಸುತ್ತಾರೆ.

ಗೈರುಹಾಜರಿಯ ಲೆಕ್ಕವೂ ಬಿಗಿ. ವರ್ಷಕ್ಕೆ ಸುಮಾರು 180 ಶಾಲಾ ದಿನ, ಅದರಲ್ಲಿ ಶೇ. 10, ಅಂದರೆ 18 ದಿನ ತಪ್ಪಿದರೆ ದೀರ್ಘ ಗೈರು ಎಂದು ದಾಖಲಾಗುತ್ತದೆ. ಮಾರಿಕಾಂಬಾ ಜಾತ್ರೆಗೆಂದು ಮೂರು ವಾರ ಶಿರಸಿಗೆ ಬಂದರೆ 15 ದಿನ ಅಲ್ಲಿಗೇ ಮುಗಿಯಿತು. ಟಿಕೆಟ್ ತೆಗೆಯುವ ಮೊದಲೇ ಶಾಲೆಗೆ ಬರೆದು ಕೇಳಿ. ಕೆಲವು ಕಡೆ ಸತತ 10 ದಿನ ಬಾರದಿದ್ದರೆ ಹಾಜರಿ ಪಟ್ಟಿಯಿಂದ ಹೆಸರನ್ನೇ ತೆಗೆಯುತ್ತಾರೆ.